ಮಾವನ ಮೊದಲ ಅಪಘಾತ

ಕಳೆದ ತಿಂಗಳು ಒಂದು ಭಾನುವಾರ, ಬೆಳಗಿನ ಹನ್ನೊಂದು ಗಂಟೆ ಹೊತ್ತಿಗೆ, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದವು. ಇಪ್ಪತ್ತಾರು ಜನ ಸತ್ತರು.

ಗಾಬರಿ ಬೇಡ. ಸತ್ತವರಲ್ಲಿ ನಿಮ್ಮ ಬೀಗರು ಯಾರೂ ಇಲ್ಲ. (ಇದ್ದಿದ್ದರೆ ಇಷ್ಟರೊಳಗೆ ಅವರೇ ಫೋನ್ ಮಾಡಿ ನನ್ನನ್ನು ಬೈದಿರುತ್ತಿದ್ದರು.) ಡಿಕ್ಕಿಯಾದದ್ದು ಕಂಪ್ಯೂಟರ್ ಒಳಗೆ, ಒಂದು ಗೇಮ್‌ನಲ್ಲಿ. ಪೆಟ್ಟಾದದ್ದು ಮಾತ್ರ ಹೊರಗಿದ್ದ ಒಬ್ಬರಿಗೆ. ಹರಿಹರದಲ್ಲಿರುವ ನನ್ನ ಸೋದರಮಾವನಿಗೆ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಬಡಾವಣೆಯ ಕಂಪ್ಯೂಟರ್ ಕ್ಲಾಸೊಂದು ಬಾಗಿಲು ಹಾಕಿದಾಗ ಅಲ್ಲಿನ ಹಳೆಯ ಕಂಪ್ಯೂಟರೊಂದು ನನ್ನ ಪಾಲಿಗೆ ಬಂತು. ಈ ಅಂಕಣವನ್ನು ಇನ್ನು ಮುಂದೆ ಟೈಪ್ ಮಾಡಿಯೇ ಕಳಿಸುತ್ತೇನೆ ಎಂದು ಮನೆಯಲ್ಲಿ ವಾದ ಮಾಡಿ ತಂದೆ. (ಇದನ್ನೂ ಕೈಯಲ್ಲೇ ಬರೆಯುತ್ತಿದ್ದೇನೆ. ಸಂಪಾದಕರು ಸಾಕ್ಷಿ.) ಅದರ ಜೊತೆಗೆ, ಕೇಳದೆಯೇ, ಒಂದು ಸಿ.ಡಿ. ಬಂತು. ರೈಲಿನ ಗೇಮ್.

ನಿಮಗೊಂದು ಖಾಲಿ ನೆಲ ಕೊಡುತ್ತಾರೆ. ಅಲ್ಲಲ್ಲಿ ನಾಲ್ಕು ನಾಲ್ಕು ಮನೆಗಳ ಊರು ಕೊಡುತ್ತಾರೆ. ನೀವು ಹಳಿ ಹಾಕಬೇಕು, ಸ್ಟೇಷನ್ ಕಟ್ಟಬೇಕು, ಸಿಗ್ನಲ್ ನೆಡಬೇಕು, ರೈಲು ಬಿಡಬೇಕು. ರೈಲು ಸರಿಯಾಗಿ ಓಡಿದರೆ ಊರು ಬೆಳೆಯುತ್ತದೆ. ನಾಲ್ಕು ಮನೆ ನಲವತ್ತಾಗುತ್ತವೆ, ಮಹಡಿಗಳೇಳುತ್ತವೆ, ರಸ್ತೆಗಳು ತಾವಾಗಿಯೇ ಕವಲೊಡೆಯುತ್ತವೆ. ಊರಿನ ಹೆಸರು ನಿಮ್ಮಿಷ್ಟ.

ನಾನಿಟ್ಟ ಹೆಸರುಗಳು: ದಾವಣಗೆರೆ, ಹರಿಹರ, ಮಾಯಕೊಂಡ, ನಂದಿಗುಡಿ. ಸರ್ಕಾರ ಮೊನ್ನೆ ಮೊನ್ನೆ ನಮ್ಮನ್ನು ಜಿಲ್ಲೆ ಮಾಡಿತು. ನಾನು ಎರಡೇ ವಾರದಲ್ಲಿ ಮಹಾನಗರ ಮಾಡಿದೆ. ನನ್ನ ದಾವಣಗೆರೆಯಲ್ಲಿ ಊರ ನಡುವೆ ರೈಲ್ವೆ ಗೇಟೇ ಇಲ್ಲ. ಎರಡು ಕ್ಲಿಕ್, ಒಂದು ಸೇತುವೆ, ಕೆಲಸ ಮುಗಿಯಿತು. ಇಷ್ಟು ಸುಲಭದ್ದಕ್ಕೆ ನಾವೆಲ್ಲ ಇಷ್ಟು ವರ್ಷ ಗೇಟಿನ ಮುಂದೆ ಸ್ಕೂಟರ್ ಆಫ್ ಮಾಡಿಕೊಂಡು ನಿಂತಿದ್ದೇವಲ್ಲ, ಯಾಕೆ?

ಈ ಪ್ರಶ್ನೆಯನ್ನು ನಾನು ಮಾವನಿಗೆ ಕೇಳಬಾರದಿತ್ತು.

ಮಾವ ಅಮ್ಮನ ಅಣ್ಣ. ಅವರ ಮನೆತನದಲ್ಲಿ ಎಲ್ಲರೂ ಒಂದೋ ಅಂಗಡಿ, ಇಲ್ಲವೇ ಹೊಲ. ಇವರೊಬ್ಬರು ಮಾತ್ರ ರೈಲ್ವೆ ಸೇರಿದರು. ಮೂವತ್ತೈದು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದು, ಹೋದ ವರ್ಷ ರಿಟೈರ್ ಆದರು. ಪ್ರತಿ ಭಾನುವಾರ ತಂಗಿಯನ್ನು ನೋಡಲು ಹರಿಹರದಿಂದ ದಾವಣಗೆರೆಗೆ ಬರುತ್ತಾರೆ. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೂ ರೈಲಿನಲ್ಲೇ ಬರುತ್ತಾರೆ. ರೈಲು ಎರಡು ತಾಸು ತಡವಾದರೆ ಎರಡು ತಾಸು ಪ್ಲಾಟ್‌ಫಾರ್ಮಿನಲ್ಲಿ ಕೂತು, ಆಮೇಲೆ ಬರುತ್ತಾರೆ.

"ಯಾಕ ಮಾವ, ಬಸ್ಸಿಗೆ ಬಂದ್ರೆ ಆಗಲ್ವಾ?"

"ಗಾಡಿ ತಡ ಆತು ಅಂದ್ರೆ ಯಾರೋ ಒಬ್ಬ ಎಲ್ಲೋ ಕೂತು ಸರಿಯಾಗಿ ಕೆಲ್ಸ ಮಾಡಕತ್ತಾನೆ ಅಂತ ಅರ್ಥ."

(ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಶೀಲ್ಡ್ ಹೊತ್ತು ತಂದವಳು ನಾನು. ಪರವಾಗಿಯೂ ಮಾತಾಡಿದ್ದೇನೆ, ವಿರೋಧವಾಗಿಯೂ ಮಾತಾಡಿದ್ದೇನೆ. ಮಾವನ ಈ ಒಂದು ವಾದವನ್ನು ಯಾವ ಕಡೆಯಿಂದಲೂ ಒಡೆಯಲಾಗಿಲ್ಲ.)

ಮಾವನಿಗಿರುವುದು ಒಂದೇ ಹೆಮ್ಮೆ. ಮೂವತ್ತೈದು ವರ್ಷದಲ್ಲಿ ಅವರ ಡ್ಯೂಟಿಯ ಮೇಲೆ ಒಂದೂ ಅಪಘಾತವಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆ ಹೇಳುತ್ತಾರೆ. ಬೀಗರ ಮುಂದೆ, ಬಾಡಿಗೆ ಕೇಳಲು ಬಂದವರ ಮುಂದೆ, ಸೊಪ್ಪು ಮಾರುವವಳ ಮುಂದೆ. ಮಾವ ಆಗ ಪಕ್ಕದಲ್ಲಿ ಕೂತು ಕನ್ನಡಕ ಒರೆಸುತ್ತಿರುತ್ತಾರೆ.

ಮೊದಲ ಭಾನುವಾರ ಗೇಮ್ ನೋಡಿ ಕುರ್ಚಿ ಎಳೆದುಕೊಂಡರು.

"ಇದೇನವ್ವ ಇದು?"

"ರೈಲ್ ಮಾವ. ನಾನೇ ಬಿಟ್ಟಿದ್ದು."

"ಗಾರ್ಡ್ ಎಲ್ಲಿ?"

"ಗಾರ್ಡ್ ಇಲ್ಲ."

"ಗಾರ್ಡ್ ಇಲ್ದೆ ಗಾಡಿ ಹೊಂಟೈತಾ? ಪ್ಲಾಟ್‌ಫಾರ್ಮಿನಾಗೆ ಕುಡಿಯೋ ನೀರಿನ ನಲ್ಲಿ ಎಲ್ಲೈತೆ?"

"ಅದೂ ಇಲ್ಲ ಮಾವ."

"ನಂದಿಗುಡಿಗೆ ರೈಲ್ ಹಾಕೀಯಲ್ಲ, ಯಾರು ಕೇಳಿದ್ರು ನಿನ್ನ?"

"ಭತ್ತ ಸಾಗ್ಸಾಕೆ. ಗೇಟ್ ತೆಗ್ದೀನಿ ನೋಡ್ರಿ ಮಾವ, ಊರ ನಡುವಿಂದು. ಎರಡು ನಿಮಿಷದ ಕೆಲ್ಸ. ನಿಮ್ಮ ರೈಲ್ವೆಯೋರು ಇಷ್ಟು ವರ್ಷ ಏನ್ ಮಾಡಿದ್ರಿ?"

ಮಾವ ಪರದೆಯ ಹತ್ತಿರ ಬಗ್ಗಿ ನೋಡಿದರು.

"ಗೇಟ್ ಹಾಕಿದಾಗ ಅಲ್ಲಿ ಮಂಡಕ್ಕಿ ಮಾರ್ತಿದ್ರಲ್ಲ, ಅವರನ್ನೆಲ್ಲ ಎಲ್ಲಿಟ್ಟೆ?"

ಗೇಮ್‌ನಲ್ಲಿ ಅದಕ್ಕೆ ಬಟನ್ ಇರಲಿಲ್ಲ.

ಮುಂದಿನ ಭಾನುವಾರ ಮಾವ ಒಂದು ಉದ್ದನೆಯ ನೋಟ್‌ಬುಕ್ ತಂದರು. ಗೆರೆ ಹಾಕಿದ್ದರು, ಕಾಲಂ ಮಾಡಿದ್ದರು. ಸ್ಟೇಷನ್ನಿನಲ್ಲಿ ಬರೆಯುತ್ತಿದ್ದ ಹಾಗೆಯೇ ಟ್ರೇನ್ ರಿಜಿಸ್ಟರ್. ಯಾವ ಗಾಡಿ ಯಾವಾಗ ಬಂತು, ಯಾವಾಗ ಬಿಟ್ಟಿತು. ಗೇಮ್‌ನ ಕ್ಯಾಲೆಂಡರ್ ಓಡುವ ವೇಗ ಬೇರೆ, ಅದರಲ್ಲಿ ಒಂದು ದಿನವೆಂದರೆ ನಮಗೆ ಎರಡು ಮೂರು ಸೆಕೆಂಡು. ಮಾವನಿಗೆ ಅದು ಒಪ್ಪಿಗೆಯಾಗಲಿಲ್ಲ.

"ಹರಿಹರ ಬಿಟ್ಟಿದ್ದು ಮೂರನೇ ತಾರೀಖು. ದಾವಣಗೆರೆ ಮುಟ್ಟಿದ್ದು ಇಪ್ಪತ್ತೆರಡು. ಹತ್ತೊಂಬತ್ತು ದಿನ! ಎಮ್ಮೆ ಮ್ಯಾಲೆ ಕೂತ್ಕಂಡು ಬಂದ್ರೂ ಮಧ್ಯಾಹ್ನದ ಊಟಕ್ಕೆ ಮುಟ್ತಾರಲ್ಲವ್ವ!"

ನಾನು ವಿವರಿಸಿದೆ. ಅವರು ಕೊನೆಯ ಕಾಲಂನಲ್ಲಿ 'ಕ್ಯಾಲೆಂಡರ್ ದೋಷ' ಎಂದು ಬರೆದುಕೊಂಡರು.

ಆಮೇಲೆ ಮೌಸ್ ಅವರ ಕೈಗೆ ಹೋಯಿತು. ನನ್ನ ಮಹಾನಗರಕ್ಕೆ ಅವತ್ತೇ ಶನಿ ಹಿಡಿಯಿತು. ಮಾವ ಒಂದು ಗಾಡಿ ಬಿಡುವ ಮೊದಲು ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಕೇಳಬೇಕು, ಅಂದರೆ ಹಳಿ ಖಾಲಿಯಿದೆ, ಕಳಿಸಿ ಎಂಬ ಒಪ್ಪಿಗೆ. ಗೇಮ್‌ನಲ್ಲಿ ಕೇಳುವುದು ಯಾರನ್ನು? ಪಕ್ಕದಲ್ಲಿದ್ದ ನನ್ನನ್ನು.

"ಮಾಯಕೊಂಡ, ಲೈನ್ ಕ್ಲಿಯರ್ ಐತಾ?"

"ಐತೆ ಮಾವ."

"ಮಾವ ಅನಬ್ಯಾಡ. ಡ್ಯೂಟಿನಾಗೆ ಯಾರೂ ಮಾವ ಅಲ್ಲ."

ನಾನು ಬಾತ್‌ರೂಮಿಗೆ ಹೋದರೆ ಮಾಯಕೊಂಡದಲ್ಲಿ ರೈಲು ಸಂಚಾರ ಬಂದ್. ರೈಲು ನಿಂತರೆ ಊರು ಬೆಳೆಯುವುದಿಲ್ಲ ಮಾವ, ಸ್ಪೀಡ್ ಬೇಕು ಮಾವ, ಇದು ಅಭಿವೃದ್ಧಿಯ ಪ್ರಶ್ನೆ ಮಾವ ಎಂದು ಮೂರು ಅಂಶಗಳಲ್ಲಿ ವಾದ ಮಂಡಿಸಿದೆ.

"ಊರು ನಿಧಾನಕ್ಕೆ ಬೆಳೀಲಿ ಬಿಡು. ಅದೇನು ಯಾರ್ದಾದ್ರೂ ಮದ್ವಿಗೆ ಹೋಗ್ಬೇಕಾಗೈತಾ?"

ಈಗ ಅಪಘಾತದ ದಿನಕ್ಕೆ ಬರುತ್ತೇನೆ.

ಹರಿಹರದಲ್ಲಿ ಒಂದು ಗೂಡ್ಸ್ ಗಾಡಿ ಕೆಂಪು ಸಿಗ್ನಲ್ ಮುಂದೆ ನಿಂತಿತ್ತು. ದಾವಣಗೆರೆಯಿಂದ ಪ್ಯಾಸೆಂಜರ್ ಹೊರಟಿತ್ತು. ಒಂಟಿ ಹಳಿ. ಪ್ಯಾಸೆಂಜರ್ ಬಂದು ಮುಟ್ಟುವವರೆಗೂ ಗೂಡ್ಸ್ ಬಿಡುವ ಹಾಗಿಲ್ಲ ಎಂದು ಮಾವ ಅದನ್ನು ತಡೆದಿದ್ದರು. ಗೇಮ್‌ನ ಲೆಕ್ಕದಲ್ಲಿ ಹನ್ನೊಂದು ದಿನವಾಗಿತ್ತು. ನನಗೆ ಕುರ್ಚಿಯ ಮೇಲೆ ಕೂರಲಾಗುತ್ತಿರಲಿಲ್ಲ.

ಅಮ್ಮ ಅಡುಗೆಮನೆಯಿಂದ ಕೂಗಿದರು: "ಅಣ್ಣಾ, ಚಾ ಆರಿಹೋಗ್ತೈತೆ, ಬಾ."

ಮಾವ ಎದ್ದು ಹೋದರು.

ಗೇಮ್‌ನಲ್ಲಿ ಒಂದು ಬಟನ್ ಇದೆ. ಒತ್ತಿದರೆ ಸಿಗ್ನಲ್ ಕೆಂಪಿದ್ದರೂ ರೈಲು ದಾಟಿಕೊಂಡು ಹೋಗುತ್ತದೆ. ಅದಿರುವುದು ಮಾವನಿಗೆ ಗೊತ್ತಿರಲಿಲ್ಲ. (ಗೊತ್ತಿದ್ದರೆ ಆ ಗೇಮ್ ಮಾಡಿದವರ ಮೇಲೆ ಕೇಸ್ ಹಾಕುತ್ತಿದ್ದರು.) ನಡುವೆ ಎಲ್ಲೋ ಒಂದು ಕಡೆ ರೈಲು ಪಕ್ಕಕ್ಕೆ ಸರಿದು ನಿಲ್ಲಲು ಜೋಡಿ ಹಳಿ ಹಾಕಿದ್ದೇನೆ, ಎರಡೂ ಅಲ್ಲಿ ದಾಟಿಕೊಳ್ಳುತ್ತವೆ ಅಂದುಕೊಂಡೆ. ಒತ್ತಿದೆ.

ಜೋಡಿ ಹಳಿ ಹಾಕಿದ್ದು ಮಾಯಕೊಂಡದ ಕಡೆಗೆ.

ಸ್ಪೀಕರ್‌ನಿಂದ ದೊಡ್ಡ ಸದ್ದು. ಮಾವ ಸಾಸರ್ ಕೈಯಲ್ಲೇ ಹಿಡಿದು ಓಡಿ ಬಂದರು. ಆ ಹೊತ್ತಿಗೆ ಪರದೆಯ ಮೇಲೆ ಗೇಮ್‌ನವರ ಪತ್ರಿಕೆ ತೆರೆದುಕೊಂಡಿತ್ತು. ದೊಡ್ಡ ಅಕ್ಷರದ ಹೆಡ್‌ಲೈನ್, ಕಪ್ಪುಬಿಳುಪು ಚಿತ್ರ. ಭೀಕರ ರೈಲು ಅಪಘಾತ. ಇಪ್ಪತ್ತಾರು ಸಾವು.

"ಗೂಡ್ಸ್ ಯಾರು ಬಿಟ್ರು?" ಮಾವ ಕೇಳಿದರು.

ಉತ್ತರ ಒಂದೇ ಪದದ್ದು. ಆದರೆ ಕಷ್ಟದ ಪ್ರಶ್ನೆ ಬಂದಾಗ ಉತ್ತರ ಕೊಡಬಾರದು, ಮರುಪ್ರಶ್ನೆ ಹಾಕಬೇಕು ಎಂದು ನನಗೆ ಕಲಿಸಿದ್ದಾರೆ. ಚೆನ್ನಾಗಿಯೇ ಕಲಿಸಿದ್ದಾರೆ.

"ಡ್ಯೂಟಿನಾಗೆ ಯಾರಿದ್ರಿ ಮಾವ?"

ನೋಡಿ, ಇದರಲ್ಲಿ ಒಂದು ಸುಳ್ಳಿದೆಯೇ?

ಮಾವ ರಿಜಿಸ್ಟರ್ ನೋಡಿದರು. ಪರದೆ ನೋಡಿದರು. "ನಾನು" ಅಂದರು.

ನಾನು ನಕ್ಕೆ. "ಮೂವತ್ತೈದು ವರ್ಷದ ರೆಕಾರ್ಡ್ ಹೋತಲ್ಲ ಮಾವ!" ಅಂದೆ. ಹೇಳೋಣ ಅಂತಲೇ ಇದ್ದೆ, ದೇವರಾಣೆ. (ನಾನು ದೇವರನ್ನು ನಂಬುವುದಿಲ್ಲ ಎಂದು ಇದೇ ಜಾಗದಲ್ಲಿ ಎರಡು ಸಲ ಬರೆದಿದ್ದೇನೆ. ಆಣೆಗೆ ಬೇಕಾಗುತ್ತಾನೆ.) ನಗು ಮುಗಿದ ಮೇಲೆ ಹೇಳೋಣ ಅಂದುಕೊಂಡಿದ್ದೆ. ಆದರೆ ಮಾವ ನಗಲಿಲ್ಲ.

"ಮಾವ, ಆಟ ಇದು. ಹಳೇದನ್ನ ಸೇವ್ ಮಾಡಿಟ್ಟೀನಿ. ಅಪಘಾತಕ್ಕಿಂತ ಮೊದ್ಲಿಗೆ ವಾಪಸ್ ಹೋಗಾಕೆ ಬರ್ತೈತೆ."

"ವಾಪಸ್ ಹೋಗೋದೆಲ್ಲ ಬ್ಯಾಡವ್ವ." ಸಾಸರನ್ನು ಟೇಬಲ್ ಮೇಲಿಟ್ಟರು. "ಇಪ್ಪತ್ತಾರು ಮಂದಿ" ಅಂದರು. ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡರು. ಅಮ್ಮ ಊಟ ಮಾಡಿಕೊಂಡು ಹೋಗೆಂದು ಎಷ್ಟು ಹೇಳಿದರೂ ಕೇಳದೆ ಚಪ್ಪಲಿ ಮೆಟ್ಟಿದರು.

ಅವತ್ತು ಮಾವ ಬಸ್ಸಿನಲ್ಲಿ ಹೋದರು.

ಮುಂದಿನ ಭಾನುವಾರ ಬರಲಿಲ್ಲ. ಅಮ್ಮ ನನ್ನನ್ನು ವಿಚಾರಿಸಿದರು.

"ಏನಂದೆ ನಮ್ಮಣ್ಣಗೆ?"

"ನಾನೇನಂದೆ? ಏನೂ ಅಂದಿಲ್ಲ."

"ನೀನು ಏನೂ ಅನ್ದೇ ಇದ್ದ ದಿನ ಈ ಮನಿಯಾಗೆ ಯಾವತ್ತಿತ್ತೇ?"

ಇಂಥ ವಿಷಯ ಒಂದು ದಿನ ದಾಟಿದರೆ ಎರಡನೆಯ ದಿನ ಹೇಳುವುದು ಕಷ್ಟ. ಎರಡನೆಯ ದಿನ ಹೇಳಲು ಹೋದರೆ ಮೊದಲ ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕು. ಹಾಗೆ ದಿನಕ್ಕೊಂದು ಪ್ರಶ್ನೆ ಸೇರಿಕೊಳ್ಳುತ್ತಾ ಹೋಯಿತು. ನಾನು ನನ್ನೊಳಗೇ ಚರ್ಚಾಸ್ಪರ್ಧೆ ಏರ್ಪಡಿಸಿದೆ. ಆಟಕ್ಕೆಲ್ಲ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರೆಯೇ? ಮಾವನಿಗೆ ಬೇರೆ ಏನೋ ಕೆಲಸವಿರಬಹುದಲ್ಲವೇ? ಬಹುಮಾನ ನನಗೇ ಬಂತು.

ಎರಡನೆಯ ಭಾನುವಾರ ಬೆಳಿಗ್ಗೆ ಅತ್ತೆಯ ಫೋನ್ ಬಂತು.

"ಶೈಲಾ, ನಿಮ್ಮ ಮಾವಗೆ ಏನಾಗೈತವ್ವ? ಎದ್ದ ಕೂಡ್ಲೆ ಬರೀತಾರೆ, ಹರೀತಾರೆ. ಗ್ಯಾಸ್ ಆಫ್ ಮಾಡಿ, ಆಫ್ ಮಾಡೀನಾ ಅಂತ ನನ್ನ ಮೂರು ಸಲ ಕೇಳ್ತಾರೆ. ಬಾಗ್ಲಿಗೆ ಚಿಲ್ಕ ಹಾಕಿ ಬಂದು ಮಲಿಕ್ಕಂತಾರೆ, ಮತ್ತೆ ಎದ್ದು ಹೋಗಿ ನೋಡ್ತಾರೆ. ಮೊದ್ಲು ಹಿಂಗಿರಲಿಲ್ಲ."

ನಾನು ಚಪ್ಪಲಿ ಹಾಕಿಕೊಂಡೆ.

ಹರಿಹರದ ಅವರ ಮನೆಯಲ್ಲಿ ಮಾವ ಕಿಟಕಿಯ ಹತ್ತಿರದ ಟೇಬಲ್ ಮುಂದೆ ಕೂತಿದ್ದರು. "ಬಾರವ್ವ, ಕೂಡು" ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಸಿಟ್ಟಿಗೆ ಉತ್ತರ ಕೊಡುವುದು ನನಗೆ ಗೊತ್ತು.

ಟೇಬಲ್ ಮೇಲಿದ್ದ ಹಾಳೆಗಳನ್ನು ನನ್ನ ಕಡೆ ತಳ್ಳಿದರು. "ಇದನ್ನೊಂದು ಓದಿ ನೋಡು. ನಿನ್ನ ಇಂಗ್ಲಿಷ್ ಚೆನ್ನಾಗೈತೆ."

ಮೂರು ಪ್ರತಿ. ನಡುವೆ ಕಾರ್ಬನ್ ಇಟ್ಟು ಬರೆದದ್ದು. ರೈಲ್ವೆಯಲ್ಲಿ ಅಪಘಾತವಾದರೆ ಡ್ಯೂಟಿಯಲ್ಲಿದ್ದವರು ಕೊಡುವ ಹೇಳಿಕೆ. ಅದರ ಸಾರಾಂಶ ಇಷ್ಟು: ಗೂಡ್ಸ್ ಗಾಡಿಯನ್ನು ನಾನು ತಡೆದಿದ್ದೆ, ಸಿಗ್ನಲ್ ಕೆಂಪಿತ್ತೆಂದು ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಗಾಡಿ ಹೇಗೆ ಹೊರಟಿತೋ ನೆನಪಿಲ್ಲ. ಏಳುವ ಮೊದಲು ನಾನೇ ಬಿಟ್ಟಿರಬೇಕು. ಚಹಾ ಕುಡಿಯಲು ಏಳುವಾಗ ಯಾರಿಗೂ ಚಾರ್ಜ್ ಒಪ್ಪಿಸಲಿಲ್ಲ, ಡೈರಿಯಲ್ಲಿ ಬರೆಯಲಿಲ್ಲ, ಸಹಿ ಮಾಡಲಿಲ್ಲ. ಮೂವತ್ತೈದು ವರ್ಷದಲ್ಲಿ ಚಾರ್ಜ್ ಕೊಡದೆ ಸೀಟು ಬಿಟ್ಟದ್ದು ಇದೇ ಮೊದಲು. ತಪ್ಪು ನನ್ನದು.

ಮೇಲೆ 'ಇವರಿಗೆ' ಎಂಬಲ್ಲಿ ಖಾಲಿ ಬಿಟ್ಟಿದ್ದರು.

"ಯಾರಿಗೆ ಕಳ್ಸಬೇಕು ಗೊತ್ತಾಗ್ಲಿಲ್ಲ" ಅಂದರು ಮಾವ. "ಆ ಗೇಮ್‌ನೋರ ಅಡ್ರೆಸ್ ಏನಾರ ಸಿಗ್ತೈತಾ?"

ನಗು ಬರಬೇಕಿತ್ತು. ಬರಲಿಲ್ಲ.

"ಮಾವ, ಒಂದು ಆಟಕ್ಕೆ ಇಷ್ಟೆಲ್ಲ ಯಾಕ?"

"ಆಟ ಅಂತ ನಂಗೊತ್ತೈತವ್ವ. ನಾನೇನು ಹುಚ್ಚ ಅಲ್ಲ." ಕನ್ನಡಕ ತೆಗೆದರು. "ಕೆಂಪು ಅಂತ ಬರ್ಕಂಡೀನಿ. ಬರ್ಕಂಡ ಮ್ಯಾಲೆ ಗಾಡಿ ಬಿಟ್ಟೀನಿ. ಬಿಟ್ಟಿದ್ದು ನೆನಪೇ ಇಲ್ಲ. ಈಗ ಹಿಂಗಾತು ಅಂದ್ರೆ, ಮೊದ್ಲು ಎಷ್ಟು ಸಲ ಹಿಂಗೆ ಮೈಮರ್ತಿದ್ದೆನೋ ಏನೋ. ಎದುರಿಗೆ ಗಾಡಿ ಬರ್ಲಿಲ್ಲ, ಉಳ್ಕಂಡೆ ಅಷ್ಟೇ. ಕೂತ್ಕಂಡು ಒಂದೊಂದೇ ನೈಟ್ ಡ್ಯೂಟಿ ನೆನಪು ಮಾಡ್ಕಂತ ಅದೀನಿ."

ಹದಿನಾಲ್ಕು ದಿನ. ಮೂವತ್ತೈದು ವರ್ಷದ ಒಂದೊಂದು ರಾತ್ರಿಯನ್ನೂ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಎಲ್ಲಿ ತೂತಿದೆ ಎಂದು. ನಾನು ಅದೇ ಹದಿನಾಲ್ಕು ದಿನದಲ್ಲಿ ಹರಿಹರದಿಂದ ನಂದಿಗುಡಿಗೆ ಇನ್ನೊಂದು ಲೈನ್ ಹಾಕಿದ್ದೆ.

"ಮಾವ, ನೀವು ಬಿಟ್ಟಿಲ್ಲ. ನಾನು ಬಿಟ್ಟಿದ್ದು. ಕೆಂಪಿದ್ರೂ ದಾಟ್ಸಾಕೆ ಒಂದು ಬಟನ್ ಐತೆ. ನೀವು ಚಾ ಕುಡ್ಯಾಕೆ ಹೋದಾಗ ಒತ್ತಿದೆ."

ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದರು. ಮಾವ ರಿಜಿಸ್ಟರ್ ತೆಗೆದು ಆ ದಿನದ ಪುಟ ತೆರೆದು, ತಾವು ಬರೆದ 'ಕೆಂಪು' ಎಂಬುದರ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ಇತ್ತು.

"ಹಂಗಾದ್ರೆ ಇದು ಸರಿ ಐತೆ" ಅಂದರು.

"ಸರಿ ಐತೆ ಮಾವ."

ಒಂದು ಖಾಲಿ ಹಾಳೆ ನನ್ನ ಮುಂದಿಟ್ಟರು. "ಬರ್ದು ಕೊಡು."

ಬರೆಯುವುದು ನನ್ನ ಕೆಲಸ. ಹತ್ತು ನಿಮಿಷದಲ್ಲಿ ಒಂದು ಪುಟ ತುಂಬಿಸಿದೆ. ಗೂಡ್ಸ್ ಹನ್ನೊಂದು ದಿನ ನಿಂತಿತ್ತು. ಊರಿನ ಬೆಳವಣಿಗೆ ಕುಂಠಿತವಾಗಿತ್ತು. ಜೋಡಿ ಹಳಿ ಇದೆಯೆಂಬ ಪ್ರಾಮಾಣಿಕ ನಂಬಿಕೆಯಿತ್ತು. ಅಂಥ ಬಟನ್ ಇಟ್ಟದ್ದೇ ಗೇಮ್‌ನವರ ಬೇಜವಾಬ್ದಾರಿ. ಇತ್ಯಾದಿ. ಮಾವ ಓದಿದರು.

"ಇದ್ರಾಗೆ ಆರು ಕಾರಣ ಅದಾವೆ. ತಪ್ಪು ಎಲ್ಲೈತೆ?"

ಇನ್ನೊಂದು ಹಾಳೆ ಕೊಟ್ಟರು. ಈ ಸಲ ಎರಡೇ ಸಾಲು ಬರೆದೆ. ಕೆಂಪು ಸಿಗ್ನಲ್ ಇದ್ದಾಗ ಗಾಡಿ ಬಿಟ್ಟೆ. ತಪ್ಪು ನನ್ನದು.

"ಇದು ಅಪಘಾತದ್ದಾತು. ಅಪಘಾತ ಯಾರ ಕೈಯಾಗಾದ್ರೂ ಆಗ್ತೈತೆ. ಹದಿನಾಲ್ಕು ದಿನ ಸುಮ್ನಿದ್ದೆಯಲ್ಲ, ಅದಕ್ಕ ಏನಂತ ಬರೀತಿ?"

ಪೆನ್ನು ಹಿಡಿದು ಕೂತೆ. ಪರವಾಗಿ ಏನೂ ಹೊಳೆಯಲಿಲ್ಲ. ವಿರೋಧವಾಗಿ ಬೇಕಾದಷ್ಟಿತ್ತು. ಕೊನೆಗೆ ನಿಜವನ್ನೇ ಬರೆದೆ: ಗೆದ್ದಿದ್ದೆ, ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮಾವ ಅದನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿಸಿಕೊಂಡರು. ತಾವು ಬರೆದಿದ್ದ ಮೂರೂ ಪ್ರತಿಗಳನ್ನು ಒಟ್ಟಿಗೆ ಸೇರಿಸಿ ಹರಿದರು. ಹರಿಯುವಾಗ ಕೈ ಹಗುರವಾಗಿತ್ತು. ಅತ್ತೆ ಹೊರಗೆ ಬಂದು ನನ್ನ ತಲೆಗೆ ಒಂದು ಮೊಟಕಿದರು. "ಏನ್ ಹುಡುಗಿನೇ ನೀನು! ಗ್ಯಾಸಿನ ಲೆಕ್ಕ ಕೊಟ್ಟು ಕೊಟ್ಟು ನನ್ನ ಗಂಟ್ಲು ಒಣಗೈತೆ!" ಅಂದು, ಆಮೇಲೆ ಅವಲಕ್ಕಿ ಕೊಟ್ಟರು.

"ಶಿಕ್ಷೆ ಏನು ಮಾವ?" ಕೇಳಿದೆ.

"ಅಪಘಾತ ಆದ ಸುದ್ದಿ ಪೇಪರ್‌ನಾಗೆ ಬಂದಿತ್ತಲ್ಲ?"

"ಅದು ಗೇಮ್‌ನೋರ ಪೇಪರ್ ಮಾವ."

"ಯಾವ್ದಾದ್ರೇನು? ನಿಂಗೂ ಒಂದು ಪೇಪರ್ ಐತಲ್ಲ. ಯಾರು ಬಿಟ್ರು ಅಂತ ಅದ್ರಾಗೆ ಬರಿ."

ಆದ್ದರಿಂದ, ಓದುಗರೇ, ಈ ವಾರ ನಿಮ್ಮ ಕೈಯಲ್ಲಿರುವುದು ಅಂಕಣವಲ್ಲ, ಹೇಳಿಕೆ. ಮಾವ ಕಳೆದ ಭಾನುವಾರ ಬಂದಿದ್ದರು. ರೈಲು ಒಂದೂವರೆ ತಾಸು ಲೇಟಂತೆ, ಬಹಳ ಖುಷಿಯಲ್ಲಿದ್ದರು. ಈಗ ಅವರು ಚಹಾಕ್ಕೆ ಏಳುವ ಮೊದಲು ನಾನು ಡೈರಿಯಲ್ಲಿ ಚಾರ್ಜ್ ತಗೊಂಡೆ ಎಂದು ಬರೆದು ಸಹಿ ಮಾಡಬೇಕು. ನನ್ನ ಮಹಾನಗರ ಮೊದಲಿನಷ್ಟೇ ಇದೆ, ಒಂದು ಮಹಡಿಯೂ ಏರಿಲ್ಲ. ಹಳೆಯದನ್ನು ಲೋಡ್ ಮಾಡಲು ಮಾವ ಈಗಲೂ ಬಿಟ್ಟಿಲ್ಲ. ಆ ಇಪ್ಪತ್ತಾರು ಜನ ನನ್ನ ಹೆಸರಿನಲ್ಲೇ ಇದ್ದಾರೆ.

ನನ್ನದಾಯಿತು. ನೀವು ಮೊನ್ನೆ ಮನೆಯಲ್ಲಿ ಅಷ್ಟು ಚೆನ್ನಾಗಿ ಗೆದ್ದಿರಲ್ಲ ಒಂದು ವಾದ, ಸೋತವರು ಈಗ ಒಬ್ಬರೇ ಕೂತು ಏನು ಬರೆಯುತ್ತಿದ್ದಾರೆ ಎಂದು ಹೋಗಿ ನೋಡಿದಿರಾ?